ಕಾರ್ತಿಕದ ಒಂದು ಪೂರ್ತಿ ಹಗಲು

ತಮ್ಮಾ, ಕಳೆದ ದೀಪಾವಳಿಯ ದೊಡ್ಡಹಬ್ಬಕ್ಕೆ ಬೆಂಗಳೂರಿನಿಂದ ಬಂದವನು ಮೂರು ದಿನದಲ್ಲಿ ಏಳು ಜಾಗ ನೋಡಿ ಮುಗಿಸಿದೆ. ಜೋಗ, ಮುರ್ಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಮಿರ್ಜಾನ ಕೋಟೆ, ಯಾಣ, ಗೋಕರ್ಣ. ಲೆಕ್ಕ ತಪ್ಪಿದ್ದರೆ ತಿದ್ದು. ರಾತ್ರಿ ಊಟಕ್ಕೆ ಕೂತಾಗ, ಅಪ್ಸರಕೊಂಡದಲ್ಲಿ ನೀರು ಎಷ್ಟಿತ್ತು ಮಾರಾಯ ಎಂದು ಕೇಳಿದೆ. ನೀನು ಜೇಬಿನಿಂದ ಫೋನು ತೆಗೆದೆ, ಬೆರಳಿಂದ ಸರಿಸಿ ಸರಿಸಿ ಹುಡುಕಿದೆ, ಚಿತ್ರ ನೋಡಿ "ಇಷ್ಟಿತ್ತು ಅಜ್ಜ" ಎಂದೆ. ಮಧ್ಯಾಹ್ನ ಕಣ್ಣೆದುರು ಬಿದ್ದ ನೀರು ರಾತ್ರಿಯೊಳಗೆ ನೆನಪಿನಿಂದ ಬಿದ್ದುಹೋಗಿತ್ತು. ನನಗೆ ನಗು ಬಂತು. ಆಮೇಲೆ ಮಲಗಿದಾಗ ನಗು ಬರಲಿಲ್ಲ.

ಎಂಟನೆಯ ಜಾಗವೊಂದಿತ್ತು. ನಮ್ಮನೆ ಹಿತ್ತಲು ದಾಟಿದರೆ ಸಿಗುವ ಗದ್ದೆಬಯಲು, ಅದರಾಚೆ ಹೊಳೆ. ಅಲ್ಲಿಗೆ ಹೋಗಲು ಪೆಟ್ರೋಲ್ ಬೇಡ. ಅದಕ್ಕೇ ಇರಬೇಕು, ನಿನ್ನ ಪಟ್ಟಿಯಲ್ಲಿ ಅದು ಬರಲಿಲ್ಲ.

ಬಯ್ಯಲು ಬರೆಯುತ್ತಿಲ್ಲ. ಮಾಸ್ತರಿಕೆ ಬಿಟ್ಟು ಹದಿನೆಂಟು ವರ್ಷ ಆಯಿತು, ಬಯ್ಯುವ ಚಟವೂ ಅದರ ಜೊತೆಗೇ ನಿವೃತ್ತಿಯಾಯಿತು ಎಂದು ನಾನು ಹೇಳಿದರೆ ನಿನ್ನ ಅಪ್ಪ ನಂಬುವುದಿಲ್ಲ, ಅದು ಬೇರೆ ಮಾತು. ಒಂದು ಕಿವಿಮಾತು ಮಾತ್ರ ಹೇಳಬೇಕು. ನಿನಗೆ ಹೇಳುವುದನ್ನು ನಿನ್ನ ತಂಗಿಯೂ, ನಿಮ್ಮ ವಾರಿಗೆಯ ಬೇರೆ ಮಕ್ಕಳೂ ಕೇಳಿಸಿಕೊಂಡರೆ ಬೇಡ ಎನ್ನುವುದಿಲ್ಲ. ಮಳೆ ಹೋಗಿ, ನೆಲ ಒಣಗಿ, ಬಿಸಿಲು ಇನ್ನೂ ಕೆಂಡವಾಗದ ಒಂದು ದಿನ ನಮ್ಮ ಕಡೆ ಬರುತ್ತದೆ. ಅಂಥ ಒಂದು ದಿನವನ್ನು ಬೆಳಗಿನಿಂದ ಕತ್ತಲಾಗುವವರೆಗೆ, ಒಂದೇ ಜಾಗದಲ್ಲಿ, ಪೂರ್ತಿ ಕಳೆದು ನೋಡು. ಏಳು ಜಾಗಕ್ಕೆ ಮೂರು ದಿನ ಹಂಚುವುದನ್ನು ಒಂದು ಸಲ ಬಿಡು.

ಒಣ ದಿನ ಎಂದರೆ ಬೆಂಗಳೂರಿನವರಿಗೆ ಏನೂ ಅನ್ನಿಸುವುದಿಲ್ಲ. ಅಲ್ಲಿ ವರ್ಷದ ಹೆಚ್ಚಿನ ದಿನಗಳು ಒಣ ದಿನಗಳೇ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವುದು. ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಹೊತ್ತುವುದಿಲ್ಲ, ಗೋಡೆ ಮುಟ್ಟಿದರೆ ಕೈಗೆ ಹಸಿರು. ಚಿತ್ತೆ ಮಳೆ ಗುಡುಗಿ ಹೋಗಬೇಕು, ಸ್ವಾತಿ ಒಂದೆರಡು ಸಲ ಹೆದರಿಸಿ ಹೋಗಬೇಕು, ಆಮೇಲೆ ಒಂದು ಬೆಳಿಗ್ಗೆ ಎದ್ದರೆ ಗಾಳಿ ಮೂಡಣದಿಂದ ಬೀಸುತ್ತಿರುತ್ತದೆ. ಘಟ್ಟದಿಂದ ಇಳಿದ ಗಾಳಿ. ತಣ್ಣಗೆ, ಒಣಒಣವಾಗಿ, ಹುಲ್ಲಿನ ವಾಸನೆ ಹೊತ್ತುಕೊಂಡು ಬರುತ್ತದೆ. ಕಂಬಳಿಕೊಪ್ಪೆ ಅಟ್ಟ ಸೇರುವುದು ಆ ದಿನ. ಅಂಗಳಕ್ಕೆ ಸಗಣಿ ಸಾರಿಸುವುದೂ ಆಗಲೇ. ನನಗೆ ಯುಗಾದಿಗಿಂತ ಆ ಬೆಳಿಗ್ಗೆಯೇ ಹೊಸ ವರ್ಷ.

ಈ ಹಂಗಾಮೇನೂ ಬಹಳ ಉದ್ದದ್ದಲ್ಲ. ಡಿಸೆಂಬರ್ ಜನವರಿಯಲ್ಲಿ ಉತ್ತರದವರು ಚಳಿಯಲ್ಲಿ ನಡುಗುವಾಗ ದೇಶದಲ್ಲೇ ಹೆಚ್ಚು ಬಿಸಿಲಿನ ಊರೆಂದು ಹೊನ್ನಾವರದ ಹೆಸರೋ ಕಾರವಾರದ ಹೆಸರೋ ಪೇಪರಿನಲ್ಲಿ ಬರುವುದುಂಟು, ನೋಡಿದ್ದೀಯಲ್ಲ. ಅದೇ ಮೂಡಗಾಳಿಯ ಕೆಲಸ. ಘಟ್ಟ ಇಳಿಯುತ್ತ ಕಾಯುತ್ತದೆ, ಸಮುದ್ರದ ಗಾಳಿ ಒಳಗೆ ಬರುವುದನ್ನು ತಡೆದು ನಿಲ್ಲುತ್ತದೆ. ಹಾಗಾಗಿ ಹಬ್ಬ ಮುಗಿದ ಮೇಲಿನ ಮೂರು ನಾಲ್ಕು ವಾರ ನಮ್ಮ ಪಾಲಿಗೆ ಸಿಕ್ಕಿದ್ದು. ಅದೂ ಖಾತ್ರಿಯಿಲ್ಲ. 2009ರ ನವೆಂಬರಿನಲ್ಲಿ ಫಿಯಾನ್ ಚಂಡಮಾರುತ ಬಂತು, 2019ರ ಅಕ್ಟೋಬರ್ ಕೊನೆಗೆ ಕ್ಯಾರ್ ಬಂತು. ಅರಬ್ಬೀ ಸಮುದ್ರ ಮುನಿದರೆ ಕೊಯ್ದು ಹಾಸಿದ ಭತ್ತ ಗದ್ದೆಯಲ್ಲೇ ಮೊಳಕೆ ಬರುತ್ತದೆ. ಮೊಳಕೆ ಬಂದ ಭತ್ತದ ಅಕ್ಕಿ ಉಂಡವನಿಗೆ ಒಣ ದಿನದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀನು ಉಂಡಿಲ್ಲ, ಹಾಗಾಗಿ ಹೇಳುತ್ತಿದ್ದೇನೆ.

ಅಂಥ ದಿನ ಕಳೆಯುವ ಜಾಗ ನಮ್ಮ ಊರೇ. ಮೊದಲು ಅದರ ಹೆಸರು, ಮಾವಿನಕುರ್ವೆ. ಕುರ್ವೆ ಎಂದರೆ ಹೊಳೆಯ ನಡುವಿನ ನೆಲ, ನಡುಗಡ್ಡೆ. ಉಡುಪಿ ಕಡೆಯವರು ಕುದ್ರು ಎನ್ನುತ್ತಾರೆ. ಕರ್ಕಿಯ ಬಳಿ ಪಾವಿನಕುರ್ವೆ ಇದೆ, ಅಘನಾಶಿನಿಯಲ್ಲಿ ಐಗಳಕುರ್ವೆ ಇದೆ. ಭಟ್ಕಳ ಬಂದರಿನ ಹತ್ತಿರ ಇನ್ನೊಂದು ಮಾವಿನಕುರ್ವೆಯೇ ಇದೆ. ನಮ್ಮ ಮನೆಗೆ ಬರಬೇಕಾದ ಲಗ್ನಪತ್ರಿಕೆ ಅಲ್ಲಿಗೆ ಹೋಗಿ, ಮದುವೆ ಮುಗಿದ ಮೇಲೆ ತಿರುಗಿ ಬಂದದ್ದೂ ಉಂಟು. ನಮ್ಮದು ಹೊನ್ನಾವರದ, ಶರಾವತಿಯ ಮಾವಿನಕುರ್ವೆ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆಯಲ್ಲಿ ಬಯಲಿಗೆ ಇಳಿದ ಹೊಳೆ ಸಮುದ್ರ ಸೇರುವ ಮುಂಚೆ ಕೈಕಾಲು ಚಾಚಿ ಮಲಗುವ ಜಾಗ ಇದು. ಜೋಗಕ್ಕೆ ಹೋಗಿ ನೀನು ನೋಡಿ ಬಂದ ನೀರೇ ನಮ್ಮ ಹಿತ್ತಲಿಗೆ ಬರುತ್ತದೆ. ಅಲ್ಲಿ ಹಾರುವುದನ್ನು ನೋಡಿದೆ, ಇಲ್ಲಿ ಮಲಗುವುದನ್ನು ನೋಡಲಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಡು. ಎಂಟಕ್ಕಲ್ಲ. ಇಬ್ಬನಿ ಇರುವಾಗ ಗದ್ದೆಯಂಚಿನಲ್ಲಿ ನಡೆದರೆ ಮೊಣಕಾಲವರೆಗೆ ಒದ್ದೆಯಾಗುತ್ತದೆ, ಆಗಲಿ. ಜೇಡನ ಬಲೆ ಎಲ್ಲೆಲ್ಲಿವೆ ಎಂದು ವರ್ಷದಲ್ಲಿ ಈ ಕೆಲವು ಬೆಳಿಗ್ಗೆ ಮಾತ್ರ ಕಾಣುವುದು. ಹನಿ ಕೂತಾಗ ಪ್ರತಿ ಎಳೆಯೂ ಬಿಳಿ. ಹೊಳೆಯ ಮೇಲೆ ಮಂಜು ಎದ್ದು ಎದುರು ದಡದ ತೆಂಗಿನ ಬುಡ ಮುಚ್ಚಿರುತ್ತದೆ, ತಲೆಗಳು ಮಾತ್ರ ತೇಲುತ್ತಿರುತ್ತವೆ. ಬಾಲ ಕುಣಿಸುತ್ತ ಅಂಚಿನ ಮೇಲೆ ಓಡುವ ಸಣ್ಣ ಹಕ್ಕಿ ಸಿಪಿಲೆ. ಅದು ನಿನ್ನ ಹಾಗೆಯೇ ಹಬ್ಬದ ಹೊತ್ತಿಗೆ ಊರಿಗೆ ಬರುವುದು, ಹಿಮಾಲಯದ ಕಡೆಯಿಂದ. ಆದರೆ ಬೇಸಿಗೆವರೆಗೆ ಇರುತ್ತದೆ, ಮೂರನೆಯ ದಿನ ಬಸ್ಸು ಹತ್ತುವುದಿಲ್ಲ.

ಗದ್ದೆಯಲ್ಲಿ ಕೊಯ್ಲು ನಡೆಯುತ್ತಿದ್ದರೆ ಮೊದಲು ಮಾತಾಡಿಸು. ಅಂಚಿನ ಮೇಲೆ ನಿಂತು ಫೋನು ಎತ್ತಿ ಹಿಡಿಯಬೇಡ. ಬೆನ್ನು ಬಗ್ಗಿಸಿದವರ ಚಿತ್ರ ತೆಗೆದು "ಎಷ್ಟು ಚಂದ" ಎಂದು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. "ಎಂಥ ಅಕ್ಕಾ, ಈ ಸಲ ಹೇಗಾಯಿತು ಬೆಳೆ?" ಎಂದು ಕೇಳು. ಅವರು ನಿನ್ನ ಮುಖ ನೋಡಿ "ಮಾಸ್ತರರ ಮೊಮ್ಮಗನಾ?" ಎನ್ನುತ್ತಾರೆ. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ. ಆಮೇಲೆ ನಾಲ್ಕು ಸೂಡಿ ಹೊತ್ತು ಕೊಡು. ನಾಲ್ಕೇ ಸಾಕು. ಭತ್ತದ ಸೂಡಿ ಹೊತ್ತ ಹೆಗಲು ಸಂಜೆವರೆಗೆ ತುರಿಸುತ್ತದೆ, ಆ ತುರಿಕೆ ಇದ್ದವನಿಗೆ ಮಧ್ಯಾಹ್ನದ ನೆರಳು ಹೆಚ್ಚು ತಂಪು. ನಮ್ಮ ಕಾಲದಲ್ಲಿ ಸುಮ್ಮನೆ ತಿರುಗಾಡಲು ಹೊರಗೆ ಹೋಗುವುದು ಎಂಬುದೇ ಇರಲಿಲ್ಲ. ಸುಖವೆಲ್ಲ ಕೆಲಸದ ಸಂದಿಯಲ್ಲೇ ಇತ್ತು. ಗದ್ದೆಗೆ ಗಂಜಿ ಹೊತ್ತುಕೊಂಡು ಹೋಗಿ ಅಲ್ಲೇ ಅರ್ಧ ತಾಸು ಕೂತು ಬರುತ್ತಿದ್ದೆವು. ಈಗ ಎಷ್ಟೋ ಗದ್ದೆ ಪಾಳು ಬಿದ್ದಿವೆ, ಇದ್ದಲ್ಲಿಗೆ ಕೊಯ್ಲಿನ ಯಂತ್ರ ಬರುತ್ತದೆ. ಯಂತ್ರ ಬಂದದ್ದಕ್ಕೆ ನಾನು ಅಳುವುದಿಲ್ಲ, ಬೆನ್ನು ನೋವು ಕಂಡವನು ನಾನು. ಕೆಲಸದ ಸಂದಿ ಹೋದದ್ದರಿಂದ ಸುಖವನ್ನು ಈಗ ಬೇರೆಯೇ ಗೇಯಬೇಕಾಗಿದೆ, ಅಷ್ಟೆ.

ಬುತ್ತಿ ಕಟ್ಟಿಕೋ. ಗಟ್ಟಿ ಅವಲಕ್ಕಿ, ಬೆಲ್ಲ, ಕಾಯಿತುರಿ. ಹಿಂದಿನ ದಿನ ಬೇಯಿಸಿದ ಗೆಣಸು. ಕುಚಲಕ್ಕಿ ಅನ್ನ, ಮೊಸರು, ಮಾವಿನಮಿಡಿ ಉಪ್ಪಿನಕಾಯಿ. ಪ್ಲಾಸ್ಟಿಕ್ ತಟ್ಟೆ ಒಯ್ಯಬೇಡ, ಹಿತ್ತಲಲ್ಲಿ ಬಾಳೆಎಲೆ ಇದೆ. 14ನೇ ಶತಮಾನದಲ್ಲಿ ಮೊರಕ್ಕೊದ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದು ಇಲ್ಲಿನ ಸುಲ್ತಾನನ ಮನೆಯಲ್ಲಿ ಉಂಡದ್ದನ್ನು ಬರೆದಿಟ್ಟಿದ್ದಾನೆ. ಅನ್ನ, ತುಪ್ಪ, ಉಪ್ಪಿನಲ್ಲಿಟ್ಟ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು. ನಡುವೆ ಕೋಳಿಯೂ ಇತ್ತು, ಅದನ್ನು ನಿನ್ನ ಅಜ್ಜಿಗೆ ಹೇಳಬೇಡ. ತಿಂಗಳುಗಟ್ಟಲೆ ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ಉಂಡೆ ಎಂದು ಗೊಣಗಿದ್ದಾನೆ ಪಾಪ. ಆ ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದೂ ಬರೆದಿದ್ದಾನೆ. ಮಾಸ್ತರನಾಗಿ ನಾನು ಅದನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಈಗ ನೆನಪಾದದ್ದು ಉಪ್ಪಿನಕಾಯಿಯಿಂದ. ಏಳುನೂರು ವರ್ಷದ ಮೇಲೂ ನಮ್ಮ ಬುತ್ತಿ ಬಹಳ ಬದಲಾಗಿಲ್ಲ ನೋಡು.

ಕಾರ್ತಿಕದಲ್ಲಿ ಹೊರಗೆ ಉಣ್ಣುವುದನ್ನು ನಮ್ಮ ಹಿರಿಯರು ಪಂಚಾಂಗದಲ್ಲೇ ಸೇರಿಸಿಟ್ಟಿದ್ದರು. ವನಭೋಜನ ಎಂದರೆ ಅದೇ. ನೆಲ್ಲಿಮರದ ಬುಡದಲ್ಲಿ ಪೂಜೆ, ಅಲ್ಲೇ ಅಡುಗೆ, ಅಲ್ಲೇ ಊಟ. ಕೊಂಕಣಿಗರ ದೇವಸ್ಥಾನಗಳಲ್ಲಿ ದೇವರನ್ನೇ ಪಲ್ಲಕ್ಕಿಯಲ್ಲಿ ತೋಪಿಗೆ ಕರೆದೊಯ್ಯುವ ಪದ್ಧತಿ ಈಗಲೂ ಇದೆ. ದೇವರಿಗೂ ನಾಲ್ಕು ತಿಂಗಳು ಗರ್ಭಗುಡಿಯ ಥಂಡಿಯಲ್ಲಿ ಕೂತು ಬೇಜಾರು ಬಂದಿರಬೇಕು. ತುಳಸಿ ಮದುವೆಗೆ ಕಟ್ಟೆಯಲ್ಲಿ ನೆಲ್ಲಿಯ ಟೊಂಗೆ ನೆಡುತ್ತೇವಲ್ಲ, ಅದೂ ಈ ಕಾಲದ ಬೆಟ್ಟವನ್ನು ಅಂಗಳಕ್ಕೆ ತರುವ ಉಪಾಯ ಎಂದೇ ನನ್ನ ಎಣಿಕೆ. ಶಾಸ್ತ್ರ ಬಲ್ಲವರು ಬೇರೆ ಹೇಳಬಹುದು.

ನನ್ನದೊಂದು ಕತೆ ಹೇಳುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಮರುವರ್ಷ, ನನಗೆ ಹದಿನಾರು. ಕಾರ್ತಿಕ ಹುಣ್ಣಿಮೆಗೆ ವನಭೋಜನಕ್ಕೆಂದು ದೋಣಿಯಲ್ಲಿ ಹೊಳೆಯ ಮೇಲ್ಗಡೆ, ಗೇರುಸೊಪ್ಪೆಯ ದಿಕ್ಕಿಗೆ ಹೋದೆವು. ಅಪ್ಪಯ್ಯ, ಅತ್ತೆ, ಇಬ್ಬರು ದಾಯಾದಿ ಅಣ್ಣಂದಿರು, ದೋಣಿಯವನು, ನಾನು. ಹುಣ್ಣಿಮೆ ಅಮಾವಾಸ್ಯೆಯ ಸುಮಾರಿಗೆ ನಮ್ಮಲ್ಲಿ ಭರತ ಹಗಲು ಹನ್ನೊಂದು ಹನ್ನೆರಡರ ಹೊತ್ತಿಗೆ ತುಂಬುತ್ತದೆ. ಬೆಳಿಗ್ಗೆ ಏರುವ ನೀರು ದೋಣಿಯನ್ನು ತಾನೇ ಮೇಲಕ್ಕೆ ಒಯ್ಯುತ್ತದೆ, ಹುಟ್ಟು ಹಾಕುವವನಿಗೆ ಅರ್ಧ ಕೆಲಸ. ಮಧ್ಯಾಹ್ನದ ಮೇಲೆ ಇಳಿಯುವ ನೀರಿನ ಜೊತೆ ತಿರುಗಿ ಬರಬೇಕು. ಆದರೆ ಎರಡರೊಳಗೆ ಹೊರಡಬೇಕು, ಇಲ್ಲದಿದ್ದರೆ ಕುರ್ವೆಯ ಬಳಿ ಹೂಳು ಮೇಲೆ ಬಂದಿರುತ್ತದೆ. ದೋಣಿಯವನು ಎರಡು ಸಲ ಕರೆದ. ನಾನು ನೆಲ್ಲಿಮರದ ಮೇಲಿದ್ದೆ. ಇನ್ನೊಂದು ಟೊಂಗೆ, ಇನ್ನೊಂದು ಟೊಂಗೆ ಎಂದು ಒಂದು ತಾಸು ಹೋಯಿತು.

ನಾಲ್ಕರ ಸುಮಾರಿಗೆ ದೋಣಿ ಕೆಸರಿಗೆ ಕೂತಿತು. ಗಳ ಒತ್ತಿದರು, ಅಣ್ಣಂದಿರು ಇಳಿದು ನೂಕಲು ಹೋಗಿ ತೊಡೆಯವರೆಗೆ ಹುಗಿದುಕೊಂಡರು, ಅವರನ್ನು ಎಳೆದು ಹಾಕುವುದೇ ಒಂದು ಕೆಲಸವಾಯಿತು. ಅಪ್ಪಯ್ಯ ನನ್ನನ್ನು ಹುಟ್ಟಿದಂದಿನಿಂದ ಲೆಕ್ಕ ಹಿಡಿದು ಬಯ್ದರು. ದೋಣಿಯವನು ಬೀಡಿ ಹಚ್ಚಿ, "ಇನ್ನು ನಾಲ್ಕು ತಾಸು. ನೀರು ಬಂದಾಗ ಬರುತ್ತದೆ" ಎಂದು ಕಾಲು ಚಾಚಿದ. ಹತ್ತಿರದಲ್ಲೇ ಮನೆ ಕಾಣುತ್ತಿತ್ತು, ಅಟ್ಟದ ಹೊಗೆಯೂ ಕಾಣುತ್ತಿತ್ತು. ಹೋಗುವಂತಿರಲಿಲ್ಲ.

ಮೊದಲ ಒಂದು ತಾಸು ಎಲ್ಲರೂ ಮುಖ ಗಂಟು ಹಾಕಿ ಕೂತೆವು. ಆಮೇಲೆ ಅತ್ತೆ ಉಳಿದ ಅವಲಕ್ಕಿ ಬಿಚ್ಚಿದಳು. ನನ್ನ ಅಪರಾಧದ ನೆಲ್ಲಿಕಾಯನ್ನೂ ಹಂಚಿದಳು. ನೆಲ್ಲಿಕಾಯಿ ಜಗಿದು ನೀರು ಕುಡಿದರೆ ಸಿಹಿ, ಹಾಗಾಗಿ ತಂಬಿಗೆ ಕೈಯಿಂದ ಕೈಗೆ ತಿರುಗಿತು. ನೀರು ಇನ್ನೂ ಇಳಿಯಿತು. ಕೆಸರಿನ ಮೇಲೆ ಸಣ್ಣ ಏಡಿಗಳು ಸಾವಿರಗಟ್ಟಲೆ ಹೊರಬಂದು ಒಂದೊಂದು ಕೈ ಎತ್ತಿ ನಮಗೆ ಸನ್ನೆ ಮಾಡಿದವು. ಬೆಳ್ಳಕ್ಕಿ ನಮ್ಮನ್ನು ದೋಣಿಯ ಭಾಗವೆಂದೇ ತಿಳಿದು ಹತ್ತು ಮಾರು ದೂರದಲ್ಲಿ ಮೇಯತೊಡಗಿತು. ಪಡುವಲಲ್ಲಿ ಸೂರ್ಯ ಮುಳುಗಿದ, ಅದೇ ಹೊತ್ತಿಗೆ ಮೂಡಲಲ್ಲಿ ಗೇರುಸೊಪ್ಪೆಯ ಘಟ್ಟದ ಮೇಲೆ ಚಂದ್ರ ಎದ್ದ. ಒಂದು ಕಡೆ ಕೆಂಪು, ಒಂದು ಕಡೆ ಬಿಳಿ, ನಡುವೆ ನಾವು ಆರು ಜನ ಕೆಸರಿನಲ್ಲಿ. ಯಾರೂ ಮಾತಾಡಲಿಲ್ಲ. ಏಳು ಹೊಡೆದ ಮೇಲೆ ದೂರದಿಂದ ಚಿಟಿಚಿಟಿ ಸದ್ದು ಬಂತು, ನೀರು ಏಡಿಯ ಬಿಲಗಳಿಗೆ ತುಂಬುತ್ತ ಬರುವ ಸದ್ದು. ಅದಕ್ಕಿಂತ ಮೊದಲೂ ಆಮೇಲೂ ನಾನು ಭರತವನ್ನು ಅಷ್ಟು ಹತ್ತಿರ ಕೂತು ಕೇಳಿಲ್ಲ. ಎಂಟರ ಮೇಲೆ ದೋಣಿ ಒಂದು ಸಲ ಅಲುಗಿತು, ಎದ್ದಿತು.

ದಡಕ್ಕೆ ಇಳಿಯುವಾಗ ಅತ್ತೆ ಒಂದು ಮಾತು ಹೇಳಿದಳು. "ಈ ವರ್ಷದಲ್ಲಿ ಯಾರೂ ಕರೆಯದೆ ನಾಲ್ಕು ತಾಸು ಕೂತದ್ದು ಇವತ್ತೇ ಮಾರಾಯಾ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನಗುವ ಮಾತಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಆ ಮಾತಿಗೆ ಮತ್ತೆ ಬರುತ್ತೇನೆ.

ಹೊಳೆಯ ದಡದಲ್ಲಿ ಕೂತಾಗ ನೀರನ್ನು ಸ್ವಲ್ಪ ವಿಚಾರಿಸಿ ನೋಡು. ಶರಾವತಿಯ ವಿದ್ಯುದಾಗಾರದ ಶಕ್ತಿ 1035 ಮೆಗಾವ್ಯಾಟ್, ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ 240. ಊರುಗಳಿಗೆ ಕರೆಂಟು ಬೇಕಾದಾಗ ಅಲ್ಲಿ ನೀರು ಬಿಡುತ್ತಾರೆ. ನೀನು ಬೆಂಗಳೂರಿನ ಕೋಣೆಯಲ್ಲಿ ಸ್ವಿಚ್ ಒತ್ತಿದ್ದಕ್ಕೂ ನಮ್ಮ ಹೊಳೆಯ ಮೈಗೂ ಹೀಗೊಂದು ಸಂಬಂಧ ಉಂಟು. ಮೊದಲು ಮಳೆಗಾಲ ಮುಗಿದ ಮೇಲೆ ಸಿಹಿನೀರು ಸೊರಗಿ, ಸಮುದ್ರದ ಉಪ್ಪು ನಿಧಾನ ಮೇಲೇರುತ್ತಿತ್ತು. ಆ ಉಪ್ಪಿನ ಲೆಕ್ಕದ ಮೇಲೆ ಬಳಚು, ಕಲಗ, ಮೀನು, ಕಾಂಡ್ಲ ಗಿಡ ಎಲ್ಲ ಬದುಕಿದ್ದವು. ಈಗ ವರ್ಷವಿಡೀ ಸಿಹಿನೀರು ಹರಿದು ಬರುವುದರಿಂದ ಆ ಲೆಕ್ಕ ತಪ್ಪಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಶರಾವತಿ ಅಳಿವೆಯನ್ನೂ ಅಣೆಕಟ್ಟಿಲ್ಲದ ಅಘನಾಶಿನಿ ಅಳಿವೆಯನ್ನೂ ಹೋಲಿಸಿ ಇದನ್ನೇ ತೋರಿಸಿದ್ದಾರೆ. ಇಳಿತದ ಹೊತ್ತಿಗೆ ಕುಮಟಾ ಕಡೆ ಹೋದರೆ ಅಘನಾಶಿನಿಯಲ್ಲಿ ಈಗಲೂ ಹೆಂಗಸರು ಸೊಂಟದವರೆಗೆ ನೀರಿಗಿಳಿದು ಬಳಚು ಆಯುವುದು ಕಾಣುತ್ತದೆ. ಅಲ್ಲಿನ ಮಾಣಿಕಟ್ಟಾ ಗಜನಿಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಇನ್ನೂ ಉಳಿದಿದೆ. ನಮ್ಮ ಹೊಳೆಯಲ್ಲಿ ಬಳಚಿನ ಆ ಸಂತೆ ಈಗಿಲ್ಲ. ಕರೆಂಟು ಬೇಡ ಎಂದು ಹೇಳುವ ಧೈರ್ಯ ನನಗಿಲ್ಲ, ಫ್ಯಾನಿನ ಕೆಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಚಂದ ನೋಡಲು ಬಂದವನಿಗೆ ಕಳೆದುಹೋದದ್ದೂ ಗೊತ್ತಿರಲಿ ಎಂದು ಹೇಳಿದೆ.

ಮಧ್ಯಾಹ್ನ ಉಂಡ ಮೇಲೆ ಮಲಗು. ತೋಟದ ನೆರಳು, ತೆಂಗಿನ ಬುಡ ಮಾತ್ರ ಬೇಡ, ಕಾಯಿ ಬೀಳುತ್ತದೆ. ಆ ಹೊತ್ತಿಗೆ ಮೂಡಗಾಳಿ ನಿಂತು ಪಡುಗಾಳಿ ಶುರುವಾಗುತ್ತದೆ. ನಡುವೆ ಒಂದು ಗಳಿಗೆ ಎಲೆಯೂ ಅಲುಗುವುದಿಲ್ಲ. ಪಡುಗಾಳಿ ಬಂತೆಂದರೆ ಹೊನ್ನಾವರದ ರೈಲು ಸೇತುವೆಯ ಸದ್ದು ಅದರ ಜೊತೆ ಬರುತ್ತದೆ. 2 ಕಿಲೋಮೀಟರಿಗೂ ಉದ್ದ, ಕೊಂಕಣ ರೈಲು ದಾರಿಯಲ್ಲೇ ಎಲ್ಲಕ್ಕಿಂತ ಉದ್ದದ ಸೇತುವೆ. 1998ರಲ್ಲಿ ಆ ದಾರಿ ಪೂರ್ತಿ ತೆರೆದಾಗ ಕುರ್ವೆಯ ಮುದುಕರೆಲ್ಲ ಗಾಡಿ ದಾಟುವುದನ್ನು ಎಣಿಸುತ್ತ ಕೂತಿರುತ್ತಿದ್ದರು. ಈಗ ಆ ಮುದುಕ ನಾನು. ಫೋನು ಬಿಸಾಡು ಎಂದು ನಾನು ಹೇಳುವವನಲ್ಲ. ಭರತ ಇಳಿತದ ಹೊತ್ತನ್ನೂ ಅದರಲ್ಲೇ ನೋಡಬಹುದಂತೆ, ನಮ್ಮ ದೋಣಿಯವನ ಬಳಿ ಅದು ಇದ್ದಿದ್ದರೆ ನಾನು ಬೈಸಿಕೊಳ್ಳುತ್ತಿರಲಿಲ್ಲ. ಎರಡು ಚಿತ್ರ ತೆಗೆ, ಆಮೇಲೆ ಚೀಲದೊಳಗೆ ಇಡು. ಹೊಟ್ಟೆ ತುಂಬಿ, ಮಾಡಲು ಏನೂ ಇಲ್ಲದೆ, ಬೇಜಾರು ಬರುವವರೆಗೆ ಮಲಗಿರು. ಬೇಜಾರು ಬಂದಾಗ ಏಳಬೇಡ. ಇನ್ನೂ ಸ್ವಲ್ಪ ಹೊತ್ತು ಮಲಗಿದರೆ ಅದು ಹೋಗುತ್ತದೆ. ಹೋದ ಮೇಲೆ ಕಿವಿ ತೆರೆಯುತ್ತದೆ. ಮರಕುಟಿಗ ಯಾವ ಮರದಲ್ಲಿದೆ, ಯಾರ ಮನೆಯ ದನ ಕೂಗಿತು, ಎಲ್ಲ ತಿಳಿಯುತ್ತದೆ.

ಬೆಟ್ಟದ ಬೇಣದ ಕಡೆ ಹೋಗುವುದಾದರೆ ಕೆಲವು ಎಚ್ಚರ. ಕರಡ ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಒಂದು ಬೀಡಿಯ ಕಿಡಿ ಸಾಕು. ಒಲೆ ಹೂಡುವ ಆಸೆ ಬೇಡ. ಒಣಗಾಲ ಬಂತೆಂದರೆ ಉಣುಗಿನ ಕಾಲವೂ ಬಂತು. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲೂ ಕಂಡಿದೆ. ಉದ್ದ ಪ್ಯಾಂಟು ಹಾಕು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಕೈಕಾಲಿಗೆ ಸವರು, ಮನೆಗೆ ಬಂದು ಬಿಸಿನೀರು ಮೀಯುವಾಗ ಮೈ ನೋಡಿಕೋ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಯವರಿಗೆ ತಿಳಿಸು. ಗೊತ್ತಿಲ್ಲದ ಕಡೆ ಹೊಳೆಗೆ ಇಳಿಯಬೇಡ. ಈಜು ಬರುತ್ತದೆ ಎನ್ನುವವರೂ ಮುಳುಗುತ್ತಾರೆ. ಯಾರದೋ ತೋಟ ದಾಟುವಾಗ ಕೇಳಿ ದಾಟು, ದಣಪೆ ಹಾಕಿ ಹೋಗು. ಇಷ್ಟು ಸಾಕು.

ಸಂಜೆಗೆ ಕೊಯ್ದ ಗದ್ದೆಯಲ್ಲಿ ಮಕ್ಕಳು ಕ್ರಿಕೆಟ್ ಆಡಲು ಬರುತ್ತಾರೆ, ಕೂಳೆ ಕಾಲಿಗೆ ಚುಚ್ಚಿದರೂ ಬಿಡುವುದಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಅದೇ ಗದ್ದೆಯಲ್ಲಿ ಯಕ್ಷಗಾನದ ಆಟಕ್ಕೆ ರಂಗಸ್ಥಳ ಏಳುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರಲ್ಲ, ಬಡಗಿನ ಅಂಥ ದೊಡ್ಡ ಕಲಾವಿದರ ಆಟಕ್ಕೂ ಮೊದಲು ಬೇಕಾದದ್ದು ಒಣಗಿದ ಒಂದು ಗದ್ದೆ. ಮಳೆಗಾಲದಲ್ಲಿ ಅಕ್ಕಿ ಕೊಟ್ಟ ನೆಲವೇ ಒಣಗಾಲದಲ್ಲಿ ಕುಣಿಯಲು ಜಾಗ ಕೊಡುತ್ತದೆ.

ಇನ್ನು ಅತ್ತೆಯ ಮಾತು. ತಮ್ಮಾ, ನೀನು ಏಳು ಜಾಗ ನೋಡಿ ಬಂದ ಮೂರು ದಿನ ನಿನ್ನ ಅಮ್ಮ ಎಲ್ಲಿದ್ದಳು? ಬೆಳಿಗ್ಗೆ ನಿನಗೂ ನಿನ್ನ ನಾಲ್ಕು ಜನ ಸ್ನೇಹಿತರಿಗೂ ತೆಳ್ಳೇವು ಎರೆದಳು. ರಾತ್ರಿ ಹತ್ತಕ್ಕೆ ಬಂದವರಿಗೆ ಬಿಸಿ ಅನ್ನ ಬಡಿಸಿದಳು. ನಡುವೆ ಹಬ್ಬದ ಪಾತ್ರೆ, ಕೊಟ್ಟಿಗೆ, ಅಂಗಳಕ್ಕೆ ಬಂದ ಭತ್ತ. ಈ ಮನೆಗೆ ಬಂದು ಮೂವತ್ತು ವರ್ಷವಾಯಿತು, ಹಿತ್ತಲಾಚೆಯ ಹೊಳೆದಂಡೆಯಲ್ಲಿ ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ನಾನೂ ಒಂದು ದಿನ ಹೇಳಲಿಲ್ಲ. ನಿನ್ನ ಅಜ್ಜಿಗೂ ಹೇಳಿರಲಿಲ್ಲ. ಹೊರಗಿನ ಹಗಲು ಗಂಡಸರದ್ದು, ಬುತ್ತಿ ಹೆಂಗಸರದ್ದು ಎಂದು ನಡೆದುಬಂದ ಮನೆ ಇದು. ಅದರಲ್ಲಿ ನನ್ನ ಪಾಲೂ ಇದೆ. ನೀನು ಆ ಪಾಲು ತೆಗೆದುಕೊಳ್ಳಬೇಡ.

ತಂಗೀ, ನಿನಗೂ ಇದೇ. ಒಬ್ಬಳೇ ಹೊಳೆದಂಡೆಯಲ್ಲಿ ಕೂತರೆ ಜನ ಏನಾದರೂ ಅಂದಾರು ಎಂದು ನೀನು ಹೋದ ವರ್ಷ ಹೇಳಿದೆ. ಅಂದರೆ ಅನ್ನಲಿ. ಅಮ್ಮ ಜೊತೆಗಿದ್ದರೆ ಅದೂ ಅನ್ನುವುದಿಲ್ಲ.

ಆದ್ದರಿಂದ ಈ ಸಲ ಹಬ್ಬಕ್ಕೆ ಬರಬೇಡ. ಹಬ್ಬಕ್ಕೆ ಎಲ್ಲರೂ ಬರುತ್ತಾರೆ, ಬಸ್ಸಿನಲ್ಲಿ ಸೀಟೂ ಸಿಗುವುದಿಲ್ಲ. ಹಬ್ಬವಾಗಿ ಹದಿನೈದು ದಿನಕ್ಕೆ ಬರುವ ಕಾರ್ತಿಕ ಹುಣ್ಣಿಮೆಗೆ ರಜೆ ಬರೆದುಕೊಂಡು ಬಾ, ತಂಗಿಯನ್ನೂ ಕರೆದುಕೊಂಡು ಬಾ. ಹಿಂದಿನ ರಾತ್ರಿ ಗೆಣಸು ಬೇಯಿಸುವುದು ನಿನ್ನ ಪಾಲು, ಅವಲಕ್ಕಿ ಕಲಸುವುದು ನಿನ್ನ ಅಪ್ಪನ ಪಾಲು. ನನಗೆ ಎಲೆ ಕೊಯ್ಯಲು ಬರುತ್ತದೆ. ಆ ದಿನ ನಿನ್ನ ಅಮ್ಮ ಒಲೆ ಹಚ್ಚಬಾರದು. ದೋಣಿ ನಾನು ಹೇಳಿ ಇಡುತ್ತೇನೆ. ಭರತ ಹನ್ನೊಂದರ ಮೇಲೆ. ಬೆಳಿಗ್ಗೆ ಏಳಕ್ಕೆ ದಡದಲ್ಲಿರಿ.